ಟ್ರಿಮ್‌ನ ನೆಲೆ: ಮಾದರಿ ವಿಮಾನದ ಟ್ರಾನ್ಸ್‌ಮಿಟರ್ ಬೆಳೆದುಬಂದ ದಾರಿ

ರೇಡಿಯೊ ಅಲೆಗಳ ಮೂಲಕ ನೆಲದ ಮೇಲಿಂದ ನಡೆಸುವ ಮಾದರಿ ವಿಮಾನಕ್ಕೆ ಹೊಸ ಟ್ರಾನ್ಸ್‌ಮಿಟರನ್ನು, ಅಂದರೆ ಹಾರಿಸುವವನ ಕೈಯಲ್ಲಿದ್ದು ಆಜ್ಞೆಗಳನ್ನು ಬಿತ್ತರಿಸುವ ಪೆಟ್ಟಿಗೆಯನ್ನು, ಹೊಂದಿಸುವ ಕೆಲಸ ಇಂದು ಹೊರನೋಟಕ್ಕೆ ಪುಟ್ಟ ಪರದೆಯೊಂದರ ಮೇಲೆ ಅಂಕೆಗಳನ್ನು ತುಂಬುವ ಕೆಲಸದಂತೆ ಕಾಣುತ್ತದೆ. ಆ ಅಂಕೆಗಳಲ್ಲಿ ಬಹುಪಾಲು ಒಂದೇ ಉದ್ದೇಶವನ್ನು ಸುತ್ತುವರಿದಿವೆ: ಟ್ರಾನ್ಸ್‌ಮಿಟರಿನ ಹಿಡಿಕಡ್ಡಿಗಳಾದ ಸ್ಟಿಕ್ಕುಗಳಿಂದ ಬೆರಳು ತೆಗೆದಾಗ ವಿಮಾನ ಏರದೆ ಇಳಿಯದೆ, ಎಡಕ್ಕೂ ಬಲಕ್ಕೂ ವಾಲದೆ, ತನ್ನ ಸಹಜ ವೇಗದಲ್ಲಿ ನೇರವಾಗಿ ಸಾಗಬೇಕು. ಹಾಗೆ ಸಾಗುವಂತೆ ರೆಕ್ಕೆ ಮತ್ತು ಬಾಲದ ಚಲಿಸುವ ಅಂಚುಗಳಿಗೆ ಕೊಡುವ ಅತಿ ಸಣ್ಣ ಶಾಶ್ವತ ಓರೆಗೆ ಟ್ರಿಮ್ ಎಂದು ಹೆಸರು. ಈ ಓರೆ ಎಲ್ಲಿ ನೆಲೆಸಿರುತ್ತದೆ ಎಂಬ ಪ್ರಶ್ನೆಗೆ ಸುಮಾರು 90 ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಮೊದಲು ಅದು ಮರದಲ್ಲಿತ್ತು, ಆಮೇಲೆ ತಂತಿ ಮತ್ತು ಕೊಂಡಿಗಳಿಗೆ ಬಂತು, ಅಲ್ಲಿಂದ ಹಾರಿಸುವವನ ಹೆಬ್ಬೆರಳಿನ ಕೆಳಗಿನ ಸನ್ನೆಗೆ, ಕೊನೆಗೆ ಟ್ರಾನ್ಸ್‌ಮಿಟರಿನ ಸ್ಮೃತಿಕೋಶಕ್ಕೆ ಸರಿಯಿತು. ಒಂದೊಂದು ಸ್ಥಳಾಂತರವೂ ಹಾರಿಸುವವನ ಶ್ರಮವನ್ನು ಕಡಿಮೆ ಮಾಡಿದ್ದು ನಿಜ, ಆದರೆ ತಪ್ಪು ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣದ ಕಡೆಗೆ ದೂಡಿದ್ದೂ ಅಷ್ಟೇ ನಿಜ.

ರೇಡಿಯೊ ಬರುವ ಮುನ್ನ ಮಾದರಿ ವಿಮಾನಗಳು ಕೈಬಿಟ್ಟ ಮೇಲೆ ತಮ್ಮ ಪಾಡಿಗೆ ತಾವು ಹಾರುವಂಥವಾಗಿದ್ದವು. ಹುಲ್ಲುಗಾವಲಿನಲ್ಲಿ ಓಡುತ್ತ ವಿಮಾನವನ್ನು ಮೆಲ್ಲಗೆ ತೇಲಿಬಿಟ್ಟು, ಮೂಗು ಮೇಲೆತ್ತಿ ತಡವರಿಸಿದರೆ ಮೂಗಿಗೆ ಒಂದಿಷ್ಟು ಜೇಡಿಮಣ್ಣು ಮೆತ್ತಿ, ಬೇಗನೆ ಧುಮುಕಿದರೆ ಹಿಂಬದಿಯ ಅಡ್ಡರೆಕ್ಕೆಯ ಕೆಳಗೆ ಬಾಲ್ಸಾ ಮರದ ತೆಳುಚೂರನ್ನು ತೂರಿಸಿ, ಎಂಜಿನ್ನಿನ ಎಳೆತದಿಂದ ಒಂದು ಕಡೆ ತಿರುಗಿದರೆ ಎಂಜಿನ್ನನ್ನೇ ಒಂದೆರಡು ಡಿಗ್ರಿ ಓರೆಮಾಡಿ ಕೂರಿಸಿ ತಿದ್ದುತ್ತಿದ್ದರು. ಇಲ್ಲಿ ಟ್ರಿಮ್ ಎಂಬುದು ವಿಮಾನದ ದೇಹದ ಗುಣ. ತಿದ್ದಿದವನು ಮನೆಯಲ್ಲಿದ್ದರೂ ತಿದ್ದುಪಡಿ ವಿಮಾನದೊಡನೆ ಇರುತ್ತಿತ್ತು. ರೇಡಿಯೊ ನಿಯಂತ್ರಣದ ಮೊದಲ ತಲೆಮಾರಿನವರೆಲ್ಲರೂ ಈ ಶಾಲೆಯಲ್ಲಿ ಕಲಿತವರಾದ್ದರಿಂದ, ರೇಡಿಯೊ ಇರುವುದು ಚೆನ್ನಾಗಿ ಹಾರುವ ವಿಮಾನಕ್ಕೆ ದಾರಿ ತೋರಿಸಲೇ ಹೊರತು ಕೆಟ್ಟದಾಗಿ ಹಾರುವ ವಿಮಾನವನ್ನು ಕಾಪಾಡಲು ಅಲ್ಲ ಎಂಬ ನಂಬಿಕೆ ಬಹುಕಾಲ ಉಳಿಯಿತು.

ತಂತಿಯಿಲ್ಲದೆ ದೂರದ ವಸ್ತುವನ್ನು ನಡೆಸಬಹುದು ಎಂಬುದನ್ನು ನಿಕೊಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪುಟ್ಟ ದೋಣಿಯೊಂದರ ಮೂಲಕ ತೋರಿಸಿದ್ದನು. ಆದರೆ ನೀರಿನ ಮೇಲೆ ತೂಕ ದೊಡ್ಡ ಸಮಸ್ಯೆಯಲ್ಲ. ಗಾಳಿಯಲ್ಲಿ ಅದೇ ಎಲ್ಲ ಸಮಸ್ಯೆಗಳ ತಾಯಿ. ಬ್ಯಾಟರಿ, ನಿರ್ವಾತ ಕೊಳವೆ, ಸುರುಳಿಗಳನ್ನು ಹೊತ್ತು ಮೇಲೇರಬಲ್ಲ ಮಾದರಿ ಕಾಣಿಸಿಕೊಳ್ಳಲು 1930ರ ದಶಕದ ಉತ್ತರಾರ್ಧದವರೆಗೆ ಕಾಯಬೇಕಾಯಿತು. ಅಮೆರಿಕದ ಹವ್ಯಾಸಿ ರೇಡಿಯೊ ಸಂಘಟನೆಯಲ್ಲಿ ಕೆಲಸಮಾಡುತ್ತಿದ್ದ, ಆಸ್ಟ್ರೇಲಿಯಾ ಮೂಲದ ರಾಸ್ ಹಲ್ ಮತ್ತು ಅವನ ಸಹೋದ್ಯೋಗಿ ಕ್ಲಿಂಟನ್ ಡಿಸೋಟೊ 1937ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಎಂಜಿನ್ನಿಲ್ಲದ ದೊಡ್ಡ ಗ್ಲೈಡರುಗಳನ್ನು ರೇಡಿಯೊದಿಂದ ನಡೆಸಿದರು. ಅದೇ ವರ್ಷ ಮಿಷಿಗನ್ ಪ್ರಾಂತ್ಯದ ಕಲಮಜೂ ಪಟ್ಟಣದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ‘ಗಫ್’ ಎಂಬ, ಸುಮಾರು 8 ಅಡಿ ರೆಕ್ಕೆಯ ಎಂಜಿನ್ ವಿಮಾನವನ್ನು ರೇಡಿಯೊ ನಿಯಂತ್ರಣದಲ್ಲಿ ಹಾರಿಸಿದರು. ವಿಲಿಯಂ ಪರವಾನಗಿ ಪಡೆದ ಹವ್ಯಾಸಿ ರೇಡಿಯೊಕಾರನಾಗಿದ್ದು ರೇಡಿಯೊ ಭಾಗವನ್ನು ಕಟ್ಟಿದರೆ, ವಾಲ್ಟರ್ ವಿಮಾನವನ್ನು ಕಟ್ಟಿ ಹಾರಿಸಿದನು. ಆ ವಿಮಾನ 1938, 1939 ಮತ್ತು 1940ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ರೇಡಿಯೊ ವಿಭಾಗವನ್ನು ಗೆದ್ದು, 1960ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಕ್ಕೆ ಸೇರಿತು.

ಈ ಯುಗದ ಟ್ರಾನ್ಸ್‌ಮಿಟರ್ ಕೈಯಲ್ಲಿ ಹಿಡಿಯುವ ವಸ್ತುವಾಗಿರಲಿಲ್ಲ. ಹುಲ್ಲಿನ ಮೇಲೆ ಇಟ್ಟ ಪೆಟ್ಟಿಗೆಯಿಂದ ಎತ್ತರದ ಆಂಟೆನಾ ಮೇಲೆದ್ದಿರುತ್ತಿತ್ತು. ತಂತಿಯೊಂದರ ತುದಿಯ ಗುಂಡಿ ಮಾತ್ರ ಹಾರಿಸುವವನ ಕೈಗೆ ಬರುತ್ತಿತ್ತು. ಗುಂಡಿ ಒತ್ತಿದಾಗ ವಿಮಾನದೊಳಗಿನ ರಿಸೀವರ್, ಅಂದರೆ ಅಲೆಗಳನ್ನು ಹಿಡಿಯುವ ಸಾಧನ, ಒಂದು ಸೂಕ್ಷ್ಮ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು, ಎಳೆಯುತ್ತಿತ್ತು. ಆ ರಿಲೇ ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ತಿರುಗಲು ಕಾದಿರುವ ಎಸ್ಕೇಪ್‌ಮೆಂಟ್ ಎಂಬ ತಡೆಗಾಲಿಯನ್ನು ಒಂದೊಂದೇ ಹಲ್ಲಿನಷ್ಟು ಬಿಟ್ಟುಕೊಡುತ್ತಿತ್ತು. ಒಂದೇ ಕಾಲುವೆಯ, ಅಂದರೆ ಒಂದೇ ಆಜ್ಞೆಯನ್ನು ಒಯ್ಯಬಲ್ಲ, ಸರಳ ಸಲಕರಣೆಯಲ್ಲಿ ಒಮ್ಮೆ ಒತ್ತಿ ಹಿಡಿದರೆ ಚುಕ್ಕಾಣಿ ಒಂದು ಕಡೆ ಪೂರ್ತಿ, ಬಿಟ್ಟರೆ ಮಧ್ಯಕ್ಕೆ, ಮತ್ತೆ ಒತ್ತಿದರೆ ಇನ್ನೊಂದು ಕಡೆ ಪೂರ್ತಿ. ಅರ್ಧ ತಿರುವು ಎಂಬುದೇ ಇಲ್ಲ. ಕಳೆದ ಸಲ ಎತ್ತ ತಿರುಗಿತ್ತು ಎಂಬುದನ್ನು ಹಾರಿಸುವವನೇ ನೆನಪಿಟ್ಟುಕೊಳ್ಳಬೇಕು. ಇಂಥ ಪೆಟ್ಟಿಗೆಯಲ್ಲಿ ಟ್ರಿಮ್ ಸನ್ನೆ ಇರಲು ಸಾಧ್ಯವೇ ಇರಲಿಲ್ಲ. ಜೇಡಿಮಣ್ಣು ಮತ್ತು ಬಾಲ್ಸಾ ಚೂರುಗಳ ಹಳೆಯ ವಿದ್ಯೆಯೇ ಮುಂದುವರಿಯಿತು.

ಆದರೂ ಹೊಂದಾಣಿಕೆಯ ಕೆಲಸಕ್ಕೇನೂ ಕೊರತೆಯಿರಲಿಲ್ಲ. 1938ರ ಸುಮಾರಿಗೆ ರೇಥಿಯಾನ್ ಸಂಸ್ಥೆ ಹೊರತಂದ ಆರ್‌ಕೆ-61 ಎಂಬ ಅನಿಲ ತುಂಬಿದ ಪುಟ್ಟ ಕೊಳವೆ ಒಂದೇ ಕೊಳವೆಯ ಹಗುರ ರಿಸೀವರನ್ನು ಸಾಧ್ಯವಾಗಿಸಿತು. ಅದರ ವಿದ್ಯುತ್ ಪ್ರವಾಹದ ಏರಿಳಿತ ತೀರ ಅಲ್ಪವಾಗಿದ್ದರಿಂದ ರಿಲೇಯ ಸ್ಪ್ರಿಂಗು ಮತ್ತು ಅಂತರಗಳನ್ನು ಬಹಳ ನಾಜೂಕಾಗಿ ತಿದ್ದಬೇಕಾಗುತ್ತಿತ್ತು; ಬ್ಯಾಟರಿ ಕುಗ್ಗಿದರೆ ಆ ತಿದ್ದುಪಡಿ ಸುಳ್ಳಾಗುತ್ತಿತ್ತು. ಒಬ್ಬನು ವಿಮಾನವನ್ನು ಹಿಡಿದು ಮೈದಾನದ ಆ ತುದಿಗೆ ನಡೆಯುತ್ತ ಹೋಗಿ, ಆಜ್ಞೆ ಎಲ್ಲಿಯವರೆಗೆ ಮುಟ್ಟುತ್ತದೆಂದು ನೋಡಿ ಬರುವ ವ್ಯಾಪ್ತಿ ಪರೀಕ್ಷೆ ಈ ಅನುಮಾನದಿಂದಲೇ ಹುಟ್ಟಿದ ಪದ್ಧತಿ. ಉಪಕರಣಗಳೆಲ್ಲ ಬದಲಾದ ಮೇಲೂ ಅದು ಬದಲಾಗಿಲ್ಲ.

1950ರ ದಶಕದಲ್ಲಿ ಬಂದ ರೀಡ್ ಪದ್ಧತಿ ಮೊದಲ ಬಾರಿಗೆ ಟ್ರಿಮ್ಮನ್ನು ಹಾರಿಸುವವನ ಕೈಗೆ ಕೊಟ್ಟಿತು. ರೀಡ್ ಎಂದರೆ ಬೇರೆ ಬೇರೆ ಉದ್ದದ ತೆಳು ಉಕ್ಕಿನ ನಾಲಗೆಗಳ ಸಾಲು. ಟ್ರಾನ್ಸ್‌ಮಿಟರ್ ಕಳಿಸುವ ನಾದದ ಕಂಪನಕ್ಕೆ ಹೊಂದುವ ನಾಲಗೆ ಮಾತ್ರ ಅದುರಿ, ತನ್ನ ಸಂಪರ್ಕವನ್ನು ಮುಟ್ಟಿ, ತನಗೆ ಸೇರಿದ ಮೋಟಾರನ್ನು ಓಡಿಸುತ್ತಿತ್ತು. ಹತ್ತು ನಾಲಗೆಗಳ ಪೆಟ್ಟಿಗೆಯಲ್ಲಿ ಚುಕ್ಕಾಣಿಯ ಎಡಬಲ, ರೆಕ್ಕೆಯ ತುದಿಯಂಚುಗಳಾದ ಏಲರಾನ್‌ಗಳ ಎಡಬಲ, ಮೂಗನ್ನು ಏರಿಸಿ ಇಳಿಸುವ ಎಲಿವೇಟರಿನ ಮೇಲು ಕೆಳಗು, ಎಂಜಿನ್ನಿನ ಥ್ರಾಟಲ್‌ನ ಹೆಚ್ಚು ಕಡಿಮೆ ಹೀಗೆ ಎಂಟು ಖರ್ಚಾಗಿ, ಉಳಿದ ಎರಡು ಎಲಿವೇಟರ್ ಟ್ರಿಮ್‌ಗೆಂದೇ ಮೀಸಲಾಗುತ್ತಿದ್ದವು. ಅಷ್ಟು ದುಬಾರಿಯಾದ ಹತ್ತು ಕಾಲುವೆಗಳಲ್ಲಿ ಎರಡನ್ನು ಬರಿಯ ಟ್ರಿಮ್‌ಗೆ ಬಿಟ್ಟುಕೊಟ್ಟರೆಂಬುದೇ ಹಾರಾಟದಲ್ಲಿ ಅದರ ಬೆಲೆ ಎಷ್ಟಿತ್ತೆಂಬುದಕ್ಕೆ ಸಾಕ್ಷಿ. ಉಳಿದ ಅಂಚುಗಳು ಗುಂಡಿ ಬಿಟ್ಟೊಡನೆ ಮಧ್ಯಕ್ಕೆ ಹಿಂದಿರುಗಿದರೆ, ಟ್ರಿಮ್ ಮೋಟಾರು ಮಾತ್ರ ನಿಧಾನವಾಗಿ ಸರಿದು ಬಿಟ್ಟಲ್ಲೇ ನಿಲ್ಲುತ್ತಿತ್ತು. ಹೊಸ ಟ್ರಾನ್ಸ್‌ಮಿಟರ್ ಬಂದಾಗ ಅದರ ಒಂದೊಂದು ನಾದವನ್ನೂ ಸ್ಕ್ರೂಡ್ರೈವರಿನಿಂದ ತಿರುವಿ ವಿಮಾನದಲ್ಲಿರುವ ನಾಲಗೆಯ ಕಂಪನಕ್ಕೆ ಕೂಡಿಸುವ ಕೆಲಸ, ಕಚೇರಿಗೆ ಮುನ್ನ ತಂಬೂರಿಯ ಶ್ರುತಿ ಮಾಡುವ ಕೆಲಸಕ್ಕೆ ತೀರ ಹತ್ತಿರದ್ದಾಗಿತ್ತು. ತಂಪು ಬಿಸಿಲುಗಳಿಗೆ ಅದು ಜಾರುತ್ತಿದ್ದುದೂ ಹಾಗೆಯೇ. 1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ನಡೆದ ರೇಡಿಯೊ ಏರೊಬ್ಯಾಟಿಕ್ಸ್‌ನ, ಅಂದರೆ ಆಕಾಶದ ಕಸರತ್ತಿನ, ಮೊದಲ ವಿಶ್ವಸ್ಪರ್ಧೆಯನ್ನು ಅಮೆರಿಕದ ಎಡ್ ಕಾಜ್‌ಮಿರ್‌ಸ್ಕಿ ಗೆದ್ದದ್ದು ಈ ರೀಡ್ ಯುಗದಲ್ಲೇ. ಅಂಚುಗಳು ಪೂರ್ತಿ ತಿರುಗುವುದು ಇಲ್ಲವೆ ತಿರುಗದಿರುವುದು ಇವೆರಡೇ ಗೊತ್ತಿದ್ದ ಸಲಕರಣೆಯಲ್ಲಿ, ಗುಂಡಿಯನ್ನು ಟಕಟಕನೆ ತಟ್ಟಿ ತಟ್ಟಿ ದುಂಡನೆಯ ಸುತ್ತುಗಳನ್ನು ಬಿಡಿಸುತ್ತಿದ್ದವರ ಬೆರಳುಗಳ ನೈಪುಣ್ಯವನ್ನು ಇಂದು ಊಹಿಸುವುದೂ ಕಷ್ಟ.

ಸ್ಟಿಕ್ಕು ಎಷ್ಟು ಸರಿದರೆ ಅಂಚೂ ಅಷ್ಟೇ ಸರಿಯುವ ಅನುಪಾತ ನಿಯಂತ್ರಣದ ಕನಸು ಹಳೆಯದು. ವಾಲ್ಟರ್ ಗುಡ್ ಸ್ವತಃ 1950ರ ದಶಕದಲ್ಲಿ ಎರಡು ನಾದಗಳ ಮಿಡಿತಗಳನ್ನು ಹಿಗ್ಗಿಸಿ ಕುಗ್ಗಿಸುವ ಒಂದು ಪದ್ಧತಿಯನ್ನು ರೂಪಿಸಿದ್ದನು. ಚುಕ್ಕಾಣಿಯನ್ನು ಎಡೆಬಿಡದೆ ಬಡಿಯುತ್ತ ಇಟ್ಟು ಬಡಿತದ ಸರಾಸರಿಯನ್ನು ಬದಲಿಸುವ ‘ಗ್ಯಾಲಪಿಂಗ್ ಘೋಸ್ಟ್’ ಎಂಬ ವಿಚಿತ್ರ ಹೆಸರಿನ ಉಪಾಯವೂ ಕೆಲಕಾಲ ಚಾಲ್ತಿಯಲ್ಲಿತ್ತು. ಅದರ ಬಾಲ ನೆಲದ ಮೇಲೂ ಒದರಾಡುತ್ತಲೇ ಇರುತ್ತಿತ್ತು. ನಿಜವಾದ ತಿರುವು 1960ರ ದಶಕದ ಮೊದಲ ವರ್ಷಗಳಲ್ಲಿ ಬಂತು. ಡಗ್ ಸ್ಪ್ರೆಂಗ್ ಮತ್ತು ಡಾನ್ ಮ್ಯಾಥರ್ಸ್ ರೂಪಿಸಿದ ‘ಡಿಜಿಕಾನ್’ ಮತ್ತು ಅದರ ಜಾಡಿನಲ್ಲಿ ಬಂದ ಸಲಕರಣೆಗಳಲ್ಲಿ ಪ್ರತಿಯೊಂದು ಅಂಚಿನ ಸ್ಥಾನವನ್ನೂ ಒಂದು ವಿದ್ಯುತ್ ಮಿಡಿತದ ಅವಧಿಯಾಗಿ ಬರೆಯಲಾಯಿತು. ಈ ಭಾಷೆ ಕ್ರಮೇಣ ಸ್ಥಿರವಾದ ರೂಪದಲ್ಲಿ ಮಿಡಿತ ಸುಮಾರು 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಇದ್ದರೆ ಇನ್ನೊಂದು ತುದಿ, ಒಂದೂವರೆ ಇದ್ದರೆ ಮಧ್ಯ. ಎಲ್ಲ ಕಾಲುವೆಗಳ ಮಿಡಿತಗಳು ಸಾಲಾಗಿ ಬಂದು, ತುಸು ದೀರ್ಘ ಮೌನದ ನಂತರ, ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಸಾಲು ಮತ್ತೆ ಆರಂಭವಾಗುತ್ತದೆ. ವಿಮಾನದಲ್ಲಿರುವ ಸರ್ವೊ ಎಂಬ ಮೋಟಾರು ಪೆಟ್ಟಿಗೆ ತನ್ನ ತೋಳು ಈಗ ಎಲ್ಲಿದೆ ಎಂಬುದನ್ನು ತಾನೇ ಅಳೆದು, ಬಂದ ಮಿಡಿತದೊಡನೆ ಹೋಲಿಸಿ, ಎರಡರ ವ್ಯತ್ಯಾಸ ಅಳಿಯುವವರೆಗೆ ತಿರುಗುತ್ತದೆ. ಕ್ಯಾಲಿಫೋರ್ನಿಯದ ಫಿಲ್ ಕ್ರಾಫ್ಟ್ ಇಂಥ ಸಲಕರಣೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದಷ್ಟೇ ಅಲ್ಲದೆ, 1967ರಲ್ಲಿ ಕಾರ್ಸಿಕಾದಲ್ಲಿ ನಡೆದ ವಿಶ್ವಸ್ಪರ್ಧೆಯನ್ನೂ ಗೆದ್ದನು. ಅದೇ ವರ್ಷ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಎಡ್ ಥಾಂಪ್ಸನ್ನನ ‘ಡಿಜಿಟ್ರಿಯೊ’ ವಿನ್ಯಾಸ ಅಚ್ಚಾಗಿ, ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವವರಿಗೂ ಈ ವಿದ್ಯೆ ದಕ್ಕಿತು.

ಸ್ಟಿಕ್ಕಿನ ಪಕ್ಕದಲ್ಲೊಂದು ಪುಟ್ಟ ಜಾರುಸನ್ನೆ ಬಂದು ಕೂತದ್ದು ಈ ಅನುಪಾತ ನಿಯಂತ್ರಣದ ಕಾಲದಲ್ಲಿ. ಅದನ್ನು ಒಂದು ಕೂದಲಿನಷ್ಟು ಸರಿಸಿದರೆ ಮಧ್ಯದ ಮಿಡಿತವೇ ಅಷ್ಟು ಸರಿದು, ಹಾರುತ್ತಿರುವಾಗಲೇ ವಿಮಾನ ನೆಟ್ಟಗಾಗುತ್ತಿತ್ತು. ಇದರ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನನುಕೂಲ ತಿಳಿದದ್ದು ಒಂದೇ ಪೆಟ್ಟಿಗೆಯಿಂದ ಎರಡನೆಯ ವಿಮಾನವನ್ನು ಹಾರಿಸಲು ಹೊರಟಾಗ: ಮೊದಲನೆಯದಕ್ಕಾಗಿ ಸರಿಸಿದ ಸನ್ನೆ ಎರಡನೆಯದಕ್ಕೆ ಹೊಂದದು, ಎರಡನೆಯದಕ್ಕೆ ತಿದ್ದಿದರೆ ಮೊದಲನೆಯದು ಕೆಡುತ್ತದೆ. ಹೀಗಾಗಿ ಒಂದು ಶಿಸ್ತು ಬೆಳೆಯಿತು. ಹಾರಿಸಿ, ಟ್ರಿಮ್ ಸನ್ನೆ ಎಷ್ಟು ಸರಿದಿದೆಯೆಂದು ನೋಡಿ, ಇಳಿಸಿದ ಮೇಲೆ ಅಂಚು ಆಗ ಇದ್ದ ಸ್ಥಾನವನ್ನು ಗುರುತುಹಾಕಿಕೊಂಡು, ಸರ್ವೊದಿಂದ ಅಂಚಿಗೆ ಹೋಗುವ ಕಡ್ಡಿಯ ತುದಿಯಲ್ಲಿರುವ ಕ್ಲೆವಿಸ್ ಎಂಬ ಕವಲುಕೊಂಡಿಯನ್ನು ಒಂದೆರಡು ಸುತ್ತು ತಿರುವಿ, ಸನ್ನೆಯನ್ನು ನಟ್ಟನಡುವೆ ಇಟ್ಟರೂ ಅಂಚು ಅದೇ ಸ್ಥಾನದಲ್ಲಿ ನಿಲ್ಲುವಂತೆ ಮಾಡುವುದು. ಅಂದರೆ ಹಾರಿಸುವವನ ಕೈಯಲ್ಲಿ ಕಂಡುಕೊಂಡ ಟ್ರಿಮ್ಮನ್ನು ಮತ್ತೆ ವಿಮಾನದ ದೇಹಕ್ಕೇ ಹಿಂದಿರುಗಿಸುವುದು. ಈ ಹವ್ಯಾಸ ಕಲಿಸಿದ ಅಭ್ಯಾಸಗಳಲ್ಲಿ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ ಎನ್ನಬಹುದು. ಏಕೆಂದರೆ ಪೆಟ್ಟಿಗೆ ಬದಲಾದರೂ ತಿದ್ದುಪಡಿ ಉಳಿಯುವ ಉಪಾಯ ಇದೊಂದೇ.

ಪೆಟ್ಟಿಗೆ ಬದಲಾಯಿಸಿದಾಗ ಎದುರಾಗುತ್ತಿದ್ದ ತೊಡಕುಗಳಾದರೂ ಕಡಿಮೆಯಲ್ಲ. ಜಪಾನಿನ ಫುಟಾಬಾ ಮಧ್ಯದ ಮಿಡಿತವನ್ನು 1.52 ಮಿಲಿಸೆಕೆಂಡಿಗೆ ಇಟ್ಟರೆ ಜೆಆರ್ 1.5ಕ್ಕೆ ಇಟ್ಟಿತು, ವ್ಯತ್ಯಾಸ ಕ್ಷುಲ್ಲಕವೆನಿಸಿದರೂ ನುಣುಪಾಗಿ ಹಾರುತ್ತಿದ್ದ ವಿಮಾನವನ್ನು ಓರೆಯಾಗಿಸಲು ಅಷ್ಟು ಸಾಕು. ಒಬ್ಬರು ಏಲರಾನ್ ಮೊದಲು, ಥ್ರಾಟಲ್ ಮೂರನೆಯದು ಎಂದು ಕಾಲುವೆಗಳನ್ನು ಎಣಿಸಿದರೆ ಇನ್ನೊಬ್ಬರು ಥ್ರಾಟಲ್ಲನ್ನೇ ಮೊದಲಿಟ್ಟರು. ಫುಟಾಬಾದಲ್ಲಿ ಥ್ರಾಟಲ್‌ನ ದಿಕ್ಕು ಇತರರದಕ್ಕೆ ವಿರುದ್ಧವಾಗಿತ್ತು. ಸ್ಟಿಕ್ಕುಗಳ ಹಂಚಿಕೆಯಲ್ಲೂ ಜಗತ್ತು ಇಬ್ಭಾಗವಾಯಿತು: ಎಲಿವೇಟರ್ ಎಡಗೈಯಲ್ಲಿರುವ ಮೊದಲ ಮೋಡ್ ಜಪಾನಿನಲ್ಲಿ ಬೇರುಬಿಟ್ಟರೆ, ಎಲಿವೇಟರ್ ಮತ್ತು ಏಲರಾನ್ ಎರಡೂ ಬಲಗೈಯಲ್ಲಿದ್ದು ಎಡಗೈಗೆ ಥ್ರಾಟಲ್ ಬರುವ ಎರಡನೆಯ ಮೋಡ್ ಅಮೆರಿಕದಲ್ಲಿ ನೆಲೆಯೂರಿತು. ಒಂದರಲ್ಲಿ ಪಳಗಿದ ಕೈಗೆ ಇನ್ನೊಂದರ ಪೆಟ್ಟಿಗೆ ಕೊಡುವುದು ವಿಮಾನವನ್ನು ಬಲಿಕೊಟ್ಟಂತೆಯೇ ಸರಿ.

ಅಲೆಯ ಹಂಚಿಕೆಯ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 27 ಮೆಗಾಹರ್ಟ್ಸ್ ಸುತ್ತಮುತ್ತಲಿನ ಪಟ್ಟಿಯಿಂದ ಹವ್ಯಾಸಿಗಳು ಅಮೆರಿಕದಲ್ಲಿ 72ಕ್ಕೆ, ಯುರೋಪಿನಲ್ಲಿ 35ಕ್ಕೆ ಸರಿದರು. 1991ರಲ್ಲಿ ಅಮೆರಿಕದ 72 ಮೆಗಾಹರ್ಟ್ಸ್ ಪಟ್ಟಿಯನ್ನು ವಿಮಾನಗಳಿಗಾಗಿ 50 ಕಿರಿದಾದ ಅಲೆಯ ಕಾಲುವೆಗಳಾಗಿ ಸೀಳಲಾಯಿತು. ಒಂದೇ ಕಾಲುವೆಯಲ್ಲಿ ಇಬ್ಬರು ಪೆಟ್ಟಿಗೆ ಚಾಲೂ ಮಾಡಿದರೆ ಗಾಳಿಯಲ್ಲಿರುವ ವಿಮಾನ ನೆಲಕ್ಕೆ ಬೀಳುವುದು ಖಚಿತವಾಗಿದ್ದರಿಂದ, ಮೈದಾನದಲ್ಲೊಂದು ಹಲಗೆ ನಿಲ್ಲಿಸಿ, ಕಾಲುವೆಯ ಸಂಖ್ಯೆ ಬರೆದ ಬಿಲ್ಲೆ ತನ್ನ ಕೈಯಲ್ಲಿರುವವನು ಮಾತ್ರ ಪೆಟ್ಟಿಗೆ ಚಾಲೂ ಮಾಡಬೇಕೆಂಬ ಕಟ್ಟಳೆ ಎಲ್ಲೆಡೆ ಜಾರಿಗೆ ಬಂತು.

1980ರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಟ್ರಾನ್ಸ್‌ಮಿಟರಿನೊಳಗೆ ಬಂದಾಗ ಟ್ರಿಮ್ ಮತ್ತೊಮ್ಮೆ ಮನೆ ಬದಲಿಸಿತು. ಅಲ್ಲಿಯವರೆಗೆ ಸರ್ವೊವನ್ನು ತಿರುಗಿಸಿ ಕೂರಿಸಿ ಅಥವಾ ಅದರ ತಂತಿಗಳನ್ನು ಅದಲುಬದಲು ಮಾಡಿ ಸಾಧಿಸಬೇಕಿದ್ದ ದಿಕ್ಕಿನ ತಿರುವು ಒಂದು ಆಯ್ಕೆಯಾಯಿತು. ತೋಳಿನ ರಂಧ್ರ ಬದಲಿಸಿ ಹೊಂದಿಸುತ್ತಿದ್ದ ಚಲನೆಯ ಮಿತಿ ಶೇಕಡಾ ಲೆಕ್ಕದ ಅಂಕೆಯಾಯಿತು. ವಿ ಆಕಾರದ ಬಾಲದಲ್ಲಿ ಎಲಿವೇಟರ್ ಮತ್ತು ಚುಕ್ಕಾಣಿಯ ಆಜ್ಞೆಗಳನ್ನು ಕೂಡಿಸುತ್ತಿದ್ದ ಜಾರುಹಲಗೆಯ ಯಾಂತ್ರಿಕ ಏರ್ಪಾಡು ಮಿಕ್ಸಿಂಗ್ ಎಂಬ ಗಣಿತವಾಯಿತು. ಸ್ಟಿಕ್ಕಿನ ಮಧ್ಯಭಾಗವನ್ನು ಮೃದುವಾಗಿಸಿ ತುದಿಗಳಲ್ಲಿ ಪೂರ್ತಿ ಬಲ ಉಳಿಸುವ ಎಕ್ಸ್‌ಪೊನೆನ್ಷಿಯಲ್, ಒಂದು ಸ್ವಿಚ್ಚಿನಿಂದ ಚಲನೆಯನ್ನೆಲ್ಲ ತಗ್ಗಿಸುವ ಡ್ಯುಯಲ್ ರೇಟ್ ಸಾಮಾನ್ಯ ಸವಲತ್ತುಗಳಾದವು. ಪ್ರತಿಯೊಂದು ವಿಮಾನಕ್ಕೂ ಒಂದೊಂದು ಸ್ಮೃತಿಕೋಶ ದೊರೆತು, ಜಾರುಸನ್ನೆಯ ಬದಲು ಒತ್ತಿದಾಗಲೊಮ್ಮೆ ಬೀಪ್ ಎನ್ನುವ ಗುಂಡಿ ಬಂತು. ಅದು ತನ್ನ ಅಂಕೆಯನ್ನು ತಾನೇ ನೆನಪಿಡುವುದರಿಂದ ಕ್ಲೆವಿಸ್ ತಿರುವುವ ಶಿಸ್ತು ಸಡಿಲವಾಯಿತು. ಸಬ್‌ಟ್ರಿಮ್ ಎಂಬ ಇನ್ನೊಂದು ಅಂಕೆ ಸರ್ವೊದ ಮಧ್ಯಬಿಂದುವನ್ನೇ ಸರಿಸುತ್ತದೆ; ತೋಳು ಹಲ್ಲುಗಳ ಮೇಲೆ ನೇರವಾಗಿ ಕೂರದಿದ್ದಾಗ ಒಂದಿಷ್ಟು ತಿದ್ದಲೆಂದು ಬಂದ ಈ ಸವಲತ್ತನ್ನು ಅಡ್ಡಾದಿಡ್ಡಿ ಕಟ್ಟಿದ ಕಡ್ಡಿಗಳನ್ನು ಮುಚ್ಚಿಡಲು ಬಳಸಿದರೆ, ಒಂದು ಕಡೆಯ ಚಲನೆ ಬೇಗ ಮುಗಿದು ಇನ್ನೊಂದು ಕಡೆಯದು ಉಳಿಯುತ್ತದೆ. ಒಂದು ವಿಮಾನದ ಸ್ಮೃತಿಯನ್ನು ತೆರೆದು ಇನ್ನೊಂದನ್ನು ಹಾರಿಸಿ ಒಡೆಯುವ ಹೊಸ ಬಗೆಯ ಅಪಘಾತವೂ ಈ ಸ್ಮೃತಿಕೋಶದ ಕೊಡುಗೆಯೇ.

2005ರಲ್ಲಿ ಸ್ಪೆಕ್ಟ್ರಮ್ ಡಿಎಕ್ಸ್6 ಎಂಬ ಟ್ರಾನ್ಸ್‌ಮಿಟರ್, ಮರುವರ್ಷ ಡಿಎಕ್ಸ್7 ಮಾರುಕಟ್ಟೆಗೆ ಬಂದು 2.4 ಗಿಗಾಹರ್ಟ್ಸ್ ಪಟ್ಟಿ ಹವ್ಯಾಸವನ್ನು ಆವರಿಸಿತು. ಅಲೆಯನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸದೆ ಹರಡುವ ಅಥವಾ ಒಂದರಿಂದ ಇನ್ನೊಂದಕ್ಕೆ ಜಿಗಿಸುವ ಈ ತಂತ್ರದ ಪೂರ್ವಜರಲ್ಲಿ ಚಲನಚಿತ್ರ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಪಡೆದ ಪೇಟೆಂಟೂ ಒಂದು. ಮೀಟರು ಉದ್ದದ ರಿಸೀವರ್ ತಂತಿ ಸುಮಾರು 3 ಸೆಂಟಿಮೀಟರಿಗೆ ಇಳಿಯಿತು, ಬಿಲ್ಲೆಗಳ ಹಲಗೆ ಅನಗತ್ಯವಾಯಿತು. ಅದರ ಜಾಗದಲ್ಲಿ ಬಂದದ್ದು ಬೈಂಡಿಂಗ್, ಅಂದರೆ ರಿಸೀವರಿಗೆ ಅದರ ಒಡೆಯ ಟ್ರಾನ್ಸ್‌ಮಿಟರಿನ ಗುರುತನ್ನು ಒಮ್ಮೆ ಕಲಿಸಿಕೊಡುವ ಕ್ರಿಯೆ. ಸಂಪರ್ಕ ಕಡಿದಾಗ ಅಂಚುಗಳೂ ಥ್ರಾಟಲ್ಲೂ ಎಲ್ಲಿ ನಿಲ್ಲಬೇಕೆಂಬ ಫೇಲ್‌ಸೇಫ್ ಸ್ಥಾನವನ್ನು ಅನೇಕ ಸಲಕರಣೆಗಳು ಈ ಬೈಂಡಿಂಗ್ ಹೊತ್ತಿನಲ್ಲೇ ದಾಖಲಿಸಿಕೊಳ್ಳುತ್ತವೆ. ಆದುದರಿಂದ ಥ್ರಾಟಲ್ ದಿಕ್ಕನ್ನು ಸರಿಪಡಿಸುವ ಮುನ್ನ ಬೈಂಡ್ ಮಾಡಿ ಆಮೇಲೆ ಮತ್ತೊಮ್ಮೆ ಮಾಡದಿದ್ದರೆ, ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಮೋಟಾರು ನಿಲ್ಲುವ ಬದಲು ಪೂರ್ಣ ವೇಗಕ್ಕೆ ಏರುವ ಅಪಾಯವಿರುತ್ತದೆ.

ಭಾರತದಲ್ಲೂ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಬಲದ ಉಪಕರಣಗಳಿಗೆ ಪರವಾನಗಿಯ ವಿನಾಯಿತಿ ಸಿಕ್ಕಿದ್ದು 2005ರಲ್ಲೇ. ಕರ್ನಾಟಕದಲ್ಲಿ ಈ ವಿದ್ಯೆ ಕ್ರಮಬದ್ಧವಾಗಿ ಉಳಿದು ಬಂದಿರುವ ಜಾಗಗಳಲ್ಲಿ ಎನ್‌ಸಿಸಿಯ ವಾಯುದಳ ಮುಖ್ಯವಾದುದು. ಅದರ ಅಖಿಲ ಭಾರತ ವಾಯು ಸೈನಿಕ ಶಿಬಿರಗಳು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ನಡೆದಾಗ ಕೆಡೆಟ್‌ಗಳ ಮಾದರಿ ವಿಮಾನ ಸ್ಪರ್ಧೆಯೂ ಅವುಗಳ ಅಂಗವಾಗಿತ್ತು. ಅಲ್ಲಿ ಕಲಿತವರ ಜೊತೆಗೆ, ಅಂತರ್ಜಾಲದಲ್ಲಿ ತರಿಸಿದ ಪೆಟ್ಟಿಗೆ ಬಿಚ್ಚಿ ನೇರವಾಗಿ ಪರದೆಯಿಂದಲೇ ಕಲಿಯಲು ತೊಡಗುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಈಗ ಸೇರಿಕೊಂಡಿದ್ದಾರೆ.

ಈ ಹಿನ್ನೆಲೆ ತಿಳಿದವನಿಗೆ ಹೊಸ ಟ್ರಾನ್ಸ್‌ಮಿಟರ್ ಹೊಂದಿಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ, ಏಕೆಂದರೆ ಅದು ಇತಿಹಾಸ ನಡೆದ ಕ್ರಮವೇ. ಮೊದಲು ವಿಮಾನದ ದೇಹ: ರೆಕ್ಕೆಯ ಅಗಲದ ಮುಂಭಾಗದಿಂದ ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಗುರುತ್ವಕೇಂದ್ರ ಬೀಳಬೇಕು, ಅದು ತಪ್ಪಿದ್ದರೆ ಯಾವ ಟ್ರಿಮ್ ಗುಂಡಿಯೂ ನೆರವಾಗದು. ಆಮೇಲೆ ಪ್ರೊಪೆಲರ್ ಬಿಚ್ಚಿಟ್ಟು, ಟ್ರಿಮ್ ಮತ್ತು ಸಬ್‌ಟ್ರಿಮ್‌ಗಳೆಲ್ಲ ಸೊನ್ನೆಯಲ್ಲಿರುವಾಗ ಸರ್ವೊದ ತೋಳುಗಳನ್ನು ನೇರವಾಗಿ ಕೂರಿಸಿ, ಕ್ಲೆವಿಸ್ ತಿರುವಿ ಅಂಚುಗಳನ್ನು ನೆಟ್ಟಗೆ ಮಾಡುವುದು. ಅನಂತರವೇ ದಿಕ್ಕು, ಮಿತಿ, ಬೈಂಡಿಂಗ್, ಫೇಲ್‌ಸೇಫ್. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ಸರಿಸಿದಾಗ ಬಲರೆಕ್ಕೆಯ ಏಲರಾನ್ ಮೇಲೇಳುತ್ತದೆಯೇ ಎಂದು ನೋಡುವ ಅರೆನಿಮಿಷದ ಪರೀಕ್ಷೆಯನ್ನು ಅನುಭವಿಗಳೇ ಹೆಚ್ಚಾಗಿ ಮರೆಯುತ್ತಾರೆ. ಏಲರಾನ್ ತಿರುಗುಮುರುಗಾದ ವಿಮಾನ ನೆಲಬಿಟ್ಟ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೊದಲ ಹಾರಾಟದಲ್ಲಿ ಸುರಕ್ಷಿತ ಎತ್ತರಕ್ಕೇರಿ, ಥ್ರಾಟಲ್ಲನ್ನು ಸಾಗುವೇಗಕ್ಕೆ ಇಳಿಸಿ, ಟ್ರಿಮ್ ಗುಂಡಿಯನ್ನು ಒಂದೊಂದೇ ಬೀಪ್‌ನಷ್ಟು ಒತ್ತುತ್ತ ಹೋಗುವುದು. ಪೂರ್ಣ ವೇಗದಲ್ಲಿ ಟ್ರಿಮ್ ಮಾಡಿದ ವಿಮಾನ ವೇಗ ಇಳಿದಾಗ ಬೇರೆಯೇ ಆಗಿ ವರ್ತಿಸುತ್ತದೆ. ಇಳಿಸಿದ ಮೇಲೆ ಪರದೆಯ ಅಂಕೆ ಹತ್ತಿಪ್ಪತ್ತು ಹೆಜ್ಜೆ ದೂರ ಹೋಗಿದ್ದರೆ ಅದನ್ನು ಸ್ಮೃತಿಯಲ್ಲಿ ಹಾಗೆಯೇ ಬಿಡದೆ, ಇಕ್ಕಳ ಹಿಡಿದು ಕ್ಲೆವಿಸ್ ತಿರುವಿ ಅಂಕೆಯನ್ನು ಸೊನ್ನೆಗೆ ತರುವುದೇ ಲೇಸು. ಇಂದಿನ ಪೆಟ್ಟಿಗೆಗಳು ಎಷ್ಟೇ ಜಾಣವಾಗಿದ್ದರೂ ಒಬ್ಬ ತಯಾರಕರ ಟ್ರಿಮ್ ಸ್ಮೃತಿಯನ್ನು ಇನ್ನೊಬ್ಬರ ಪೆಟ್ಟಿಗೆ ಸಾಮಾನ್ಯವಾಗಿ ಓದುವುದಿಲ್ಲ. ಕ್ಲೆವಿಸ್‌ನಲ್ಲಿ ಉಳಿದ ತಿದ್ದುಪಡಿಗೆ ಆ ತೊಂದರೆಯಿಲ್ಲ.